ಸಣ್ಣ ತೂತಿನ ದೊಡ್ಡ ಗಾಯ: ನಾಯಿಗಳಲ್ಲಿ ಚುಚ್ಚುಗಾಯವನ್ನು ಗುರುತಿಸುವುದು, ಆರೈಕೆ ಮಾಡುವುದು

ಎರಡು ನಾಯಿಗಳು ಕಚ್ಚಾಡಿಕೊಂಡವು, ಹೇಗೋ ಬಿಡಿಸಿದ್ದಾಯಿತು. ನಿಮ್ಮ ನಾಯಿ ಏದುಸಿರು ಬಿಡುತ್ತ ಬಂದು ಕಾಲ ಬಳಿ ಮಲಗಿತು. ಗಾಬರಿಯಿಂದ ಮೈಯೆಲ್ಲ ತಡವಿ ನೋಡಿದಿರಿ. ಕುತ್ತಿಗೆಯ ಪಕ್ಕದಲ್ಲಿ ಹೆಸರುಕಾಳಿನಷ್ಟೂ ಇಲ್ಲದ ಒಂದು ತೂತು, ಅದರ ಸುತ್ತ ಎರಡು ಹನಿ ರಕ್ತ. ಸದ್ಯ, ಇಷ್ಟಕ್ಕೇ ಮುಗಿಯಿತಲ್ಲ ಎಂದು ಒರೆಸಿ ಸುಮ್ಮನಾದಿರಿ. ರಾತ್ರಿ ಊಟವನ್ನೂ ಮಾಡಿತು. ಮರುದಿನ ತುಸು ಮಂಕಾಗಿತ್ತು. ಜಗಳದ ದಣಿವಿರಬೇಕು ಎಂದುಕೊಂಡಿರಿ. ಮೂರನೆಯ ದಿನ ಬೆಳಿಗ್ಗೆ ನೋಡಿದರೆ ಕುತ್ತಿಗೆ ಊದಿ ಸುಡುತ್ತಿದೆ, ತಲೆ ಎತ್ತಲಾರದು, ತಟ್ಟೆಯ ಕಡೆ ತಿರುಗಿಯೂ ನೋಡದು.

ಪಶುವೈದ್ಯರಲ್ಲಿಗೆ ಹೋಗುವ ಚುಚ್ಚುಗಾಯಗಳಲ್ಲಿ ಎಷ್ಟೋ ಗಾಯಗಳ ಕಥೆ ಹೀಗೇ ಇರುತ್ತದೆ. ಇದನ್ನು ಸಾಕಿದವರ ಅಸಡ್ಡೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ನೋಡುವ ಕಣ್ಣನ್ನು ಮೋಸಗೊಳಿಸುವುದೇ ಈ ಗಾಯದ ಗುಣ. ಕತ್ತಿಯಿಂದಲೋ ಗಾಜಿನಿಂದಲೋ ಸೀಳಿದ ಗಾಯದಲ್ಲಿ ಕಂಡದ್ದೆಲ್ಲವೂ ಗಾಯವೇ. ಉದ್ದ, ಆಳ, ರಕ್ತ ಎಲ್ಲವೂ ಎದುರಿಗಿರುತ್ತವೆ. ಚುಚ್ಚುಗಾಯದಲ್ಲಿ ಹೊರಗೆ ಕಾಣುವ ತೂತು ಬರಿಯ ಬಾಗಿಲು. ಮನೆ ಒಳಗಿರುತ್ತದೆ, ಅದು ಎಷ್ಟು ದೊಡ್ಡದು ಎಂಬುದನ್ನು ಬಾಗಿಲು ನೋಡಿ ಹೇಳಲಾಗದು. ಆದ್ದರಿಂದ ತೂತಿನ ಗಾತ್ರದಿಂದಲೂ ಹರಿದ ರಕ್ತದಿಂದಲೂ ಈ ಗಾಯವನ್ನು ಅಳೆಯಬಾರದು.

ಒಳಗೆ ನಡೆಯುವುದೇನು?

ಬೆಳೆದ ನಾಯಿಯ ಬಾಯಲ್ಲಿ 42 ಹಲ್ಲುಗಳಿರುತ್ತವೆ. ಅವುಗಳಲ್ಲಿ ನಾಲ್ಕು ಕೋರೆಹಲ್ಲುಗಳು. ಚುಚ್ಚುವ ಕೆಲಸ ಅವುಗಳದ್ದು. ಇನ್ನು ಕಚ್ಚಿಸಿಕೊಂಡ ನಾಯಿಯ ಚರ್ಮವನ್ನು ನೆನಪಿಸಿಕೊಳ್ಳಿ. ಕತ್ತಿನ ಹಿಂಬದಿಯಲ್ಲಿ ಹಿಡಿದೆತ್ತಿದರೆ ಮುಷ್ಟಿ ತುಂಬ ಬರುತ್ತದೆ. ಅದು ಕೆಳಗಿನ ಸ್ನಾಯುಗಳಿಗೆ ಗಟ್ಟಿಯಾಗಿ ಅಂಟಿಕೊಂಡಿಲ್ಲ, ಸಡಿಲವಾದ ಅಂಗಿಯಂತೆ ಮೈಮೇಲೆ ಸರಿದಾಡುತ್ತದೆ. ಕೋರೆಹಲ್ಲು ಚರ್ಮವನ್ನು ತೂರಿ ಸ್ನಾಯುವಿಗೆ ಇಳಿದ ಮೇಲೆ ಕಚ್ಚಿದ ನಾಯಿ ತಲೆಯನ್ನು ಆಚೀಚೆ ಒದರುತ್ತದೆ. ಚರ್ಮ ಹಲ್ಲಿನ ಜೊತೆಗೇ ಸರಿಯುವುದರಿಂದ ಅದಕ್ಕೆ ಆಗುವ ಗಾಯ ಒಂದು ತೂತು ಮಾತ್ರ. ಕೆಳಗಿನ ಸ್ನಾಯು ಹಾಗೆ ಸರಿಯಲಾರದು. ಅದು ಹರಿಯುತ್ತದೆ, ಜಜ್ಜಿಹೋಗುತ್ತದೆ, ಚರ್ಮದಿಂದ ಬೇರ್ಪಡುತ್ತದೆ. ಹಲ್ಲು ಹೊರಬಂದಾಗ ಚರ್ಮ ಮತ್ತೆ ತನ್ನ ಜಾಗಕ್ಕೆ ಜಾರಿ ಕೂರುತ್ತದೆ. ಒಳಗಿನ ಹರುಕಿನ ಮೇಲೆ ಪರದೆ ಬಿದ್ದಂತಾಗುತ್ತದೆ.

ಆ ಪರದೆಯ ಹಿಂದೆ ಉಳಿಯುವುದು ಒಂದು ಪೊಳ್ಳು ಜಾಗ. ಅಲ್ಲಿ ರಕ್ತ ಮತ್ತು ನೀರಿನಂಥ ದ್ರವ ತುಂಬಿಕೊಳ್ಳುತ್ತವೆ. ಜಜ್ಜಿದ ಸ್ನಾಯುವಿಗೆ ರಕ್ತ ಪೂರೈಕೆ ಇರುವುದಿಲ್ಲ, ಅಂದರೆ ರೋಗಾಣುಗಳ ಜೊತೆ ಹೋರಾಡುವ ಬಿಳಿ ರಕ್ತಕಣಗಳೂ ಅಲ್ಲಿಗೆ ಸರಿಯಾಗಿ ತಲುಪವು. ಹಲ್ಲು ಬರುವಾಗ ತನ್ನೊಡನೆ ಜೊಲ್ಲನ್ನು, ಕೂದಲನ್ನು, ಮಣ್ಣನ್ನು ಒಳಕ್ಕೆ ತಳ್ಳಿರುತ್ತದೆ. ನಾಯಿಯ ಬಾಯಿಯಲ್ಲಿ ಪಾಸ್ಟುರೆಲ್ಲಾ, ಸ್ಟೆಫಿಲೊಕಾಕಸ್, ಸ್ಟ್ರೆಪ್ಟೊಕಾಕಸ್ ಮುಂತಾದ ಬ್ಯಾಕ್ಟೀರಿಯಾಗಳಿರುತ್ತವೆ. ಇವುಗಳ ಜೊತೆಗೆ ಆಮ್ಲಜನಕ ಇಲ್ಲದ ಕಡೆಯೇ ಚೆನ್ನಾಗಿ ಬೆಳೆಯುವ ಜಾತಿಗಳೂ ಇರುತ್ತವೆ. ಬೆಚ್ಚಗಿನ, ತೇವವಾದ, ಗಾಳಿಯಾಡದ ಪೊಳ್ಳು ಅವಕ್ಕೆ ಸಿದ್ಧವಾಗಿ ಕಾದಿರುತ್ತದೆ. ಮೇಲಿನ ತೂತು ಬೇಗನೆ ಹಕ್ಕಳೆಗಟ್ಟಿ ಮುಚ್ಚಿಕೊಂಡರಂತೂ ಕೀವಿಗೆ ಹೊರಬರುವ ದಾರಿಯೇ ಇಲ್ಲ. ಗಾಯ ಬೇಗ ಮುಚ್ಚಿತು ಎಂದು ನಾವು ಸಮಾಧಾನಪಡುವ ಹೊತ್ತಿಗೆ ಒಳಗೆ ನಂಜು ಏರತೊಡಗಿರುತ್ತದೆ.

ಬೆಕ್ಕಿನ ಕಡಿತದಲ್ಲಿ ತೊಂದರೆ ಸ್ವಲ್ಪ ಬೇರೆ ರೀತಿಯದು. ಅದರ ದವಡೆಗೆ ನಾಯಿಯಷ್ಟು ಬಲವಿಲ್ಲ, ಸ್ನಾಯು ಅಷ್ಟಾಗಿ ಹರಿಯುವುದಿಲ್ಲ. ಆದರೆ ಹಲ್ಲು ಸೂಜಿಯಂತಿದೆ. ಆಳಕ್ಕೆ ಇಳಿದು ರೋಗಾಣುಗಳನ್ನು ಬಿತ್ತಿ ಬರುತ್ತದೆ, ಹೊರಗೆ ಗುರುತೇ ಸಿಗದಷ್ಟು ಸಣ್ಣ ಚುಕ್ಕೆ ಉಳಿಯುತ್ತದೆ. ಮುಳ್ಳು, ಮೊಳೆ, ತಂತಿ, ಕಟ್ಟಿಗೆಯ ಚೂರು, ಮೀನಿನ ಗಾಳ ಇವೂ ಚುಚ್ಚುಗಾಯ ಮಾಡುತ್ತವೆ. ಅವುಗಳಲ್ಲಿ ಇನ್ನೊಂದು ಅಪಾಯವಿದೆ: ಚುಚ್ಚಿದ ವಸ್ತುವಿನ ತುಂಡು ಒಳಗೇ ಉಳಿದುಬಿಡಬಹುದು.

ಹುಡುಕುವುದು ಹೇಗೆ?

ಕೂದಲು ಎಲ್ಲವನ್ನೂ ಮರೆಮಾಡುತ್ತದೆ. ದಟ್ಟ ಕೂದಲಿನ ನಾಯಿಯಲ್ಲಿ ಹತ್ತು ತೂತುಗಳಿದ್ದರೂ ಒಂದೂ ಕಾಣದೆ ಹೋಗಬಹುದು. ಕಣ್ಣಿಗಿಂತ ಬೆರಳುಗಳನ್ನು ಹೆಚ್ಚು ನಂಬಿ. ಮೂಗಿನಿಂದ ಆರಂಭಿಸಿ ಬಾಲದವರೆಗೆ, ಕೂದಲಿಗೆ ಎದುರಾಗಿ, ನಿಧಾನವಾಗಿ ಬೆರಳಾಡಿಸಿ. ಒದ್ದೆಯಾದ ಅಥವಾ ಅಂಟಿಕೊಂಡು ಗಂಟಾದ ಕೂದಲಿನ ಗುಪ್ಪೆ ಸಿಕ್ಕಿದರೆ ಅದರ ಬುಡದಲ್ಲಿ ರಕ್ತವೋ ನೀರಿನಂಥ ದ್ರವವೋ ಒಣಗಿರುವ ಸಾಧ್ಯತೆ ಇದೆ. ಅಲ್ಲಿ ಕೂದಲನ್ನು ಬೇರ್ಪಡಿಸಿ ಒಳ್ಳೆಯ ಬೆಳಕಿನಲ್ಲಿ ನೋಡಿ. ಕಿವಿಯ ಹಿಂಬದಿ, ಕುತ್ತಿಗೆ, ಭುಜ, ಮುಂಗಾಲಿನ ಕಂಕುಳು, ತೊಡೆಯ ಸಂದು, ಬಾಲದ ಬುಡ, ಬೆರಳುಗಳ ನಡುವೆ ಇವನ್ನು ಬಿಡಬೇಡಿ. ಕಚ್ಚಾಟದಲ್ಲಿ ಮೊದಲು ಬಾಯಿ ಬೀಳುವುದು ಬಹುಪಾಲು ಕುತ್ತಿಗೆ, ತಲೆ ಮತ್ತು ಕಾಲುಗಳ ಮೇಲೆ.

ಒಂದು ತೂತು ಸಿಕ್ಕಿತೆಂದು ಹುಡುಕಾಟ ನಿಲ್ಲಿಸುವುದೇ ನಾವು ಮಾಡುವ ದೊಡ್ಡ ತಪ್ಪು. ಬಾಯಿ ಎಂದರೆ ಮೇಲೊಂದು ಕೆಳಗೊಂದು ದವಡೆ. ಕಾಲಿನ ಹೊರಭಾಗದಲ್ಲಿ ಒಂದು ಗುರುತು ಇದ್ದರೆ ಒಳಭಾಗದಲ್ಲೂ ಒಂದು ಇರಲೇಬೇಕು ಎಂದುಕೊಂಡೇ ಹುಡುಕಿ. ಪಕ್ಕದಲ್ಲಿ ಎರಡು ಮೂರು ಸೆಂಟಿಮೀಟರ್ ದೂರದಲ್ಲಿ ಅದರ ಜೊತೆಯ ಹಲ್ಲಿನ ಗುರುತೂ ಇರಬಹುದು. ಪಶುವೈದ್ಯರು ಯಂತ್ರ ಹಿಡಿದು ಅಗಲಕ್ಕೆ ಕೂದಲು ತೆಗೆಯುವುದು ಈ ಕಾರಣಕ್ಕೇ. ನಾಯಿಯ ಅಂದ ಕೆಟ್ಟಿತು ಎಂದು ಬೇಸರಪಡಬೇಡಿ. ಕೂದಲು ಮತ್ತೆ ಬರುತ್ತದೆ, ಕಾಣದೆ ಉಳಿದ ಗಾಯ ಮಾತ್ರ ಕಾಡುತ್ತದೆ.

ನಾಯಿಯ ನಡವಳಿಕೆಯೂ ಸುಳಿವು ಕೊಡುತ್ತದೆ. ಒಂದೇ ಜಾಗವನ್ನು ಬಿಡದೆ ನೆಕ್ಕುವುದು, ಕುಂಟುವುದು, ಮುಟ್ಟಲು ಹೋದರೆ ತಿರುಗಿ ಗುರ್ರೆನ್ನುವುದು, ಮೂಲೆ ಸೇರಿ ಮಲಗುವುದು, ಒಂದು ಮಗ್ಗುಲಿಗೆ ಮಲಗಲು ಒಪ್ಪದಿರುವುದು. ಎಂದೂ ಗುರ್ರೆನ್ನದ ನಾಯಿ ಗುರ್ರೆಂದರೆ ಅದನ್ನು ಗದರಬೇಡಿ, ಅದು ನೋವನ್ನು ಹೇಳುತ್ತಿದೆ. ಕೆಲವು ನಾಯಿಗಳು ಏನೂ ತೋರಿಸುವುದಿಲ್ಲ. ಜಗಳದ ಉದ್ವೇಗದಲ್ಲಿ ನೋವು ಗೊತ್ತಾಗದೆ ಬಾಲ ಅಲ್ಲಾಡಿಸುತ್ತಲೇ ಇರುತ್ತವೆ. ಆದ್ದರಿಂದ ಕಚ್ಚಾಟವಾದ ದಿನ ಒಮ್ಮೆ ನೋಡಿದರೆ ಸಾಲದು. ಮರುದಿನ ಬೆಳಿಗ್ಗೆ, ಅದರ ಮರುದಿನ ಮತ್ತೆ ಬೆರಳಾಡಿಸಿ ನೋಡಿ. ಊತ, ಬಿಸಿ, ನೀಲಿಗಟ್ಟುವುದು ಇವು ತಡವಾಗಿ ಕಾಣಿಸಿಕೊಳ್ಳುತ್ತವೆ.

ಚರ್ಮವನ್ನು ಒತ್ತಿದಾಗ ಕೆಳಗೆ ಹಪ್ಪಳ ಮುರಿದಂತೆ ಚರಚರ ಎನ್ನುತ್ತಿದ್ದರೆ ಚರ್ಮದಡಿ ಗಾಳಿ ಸೇರಿದೆ ಎಂದರ್ಥ. ಆ ಗಾಳಿ ತೂತಿನ ಮೂಲಕವೇ ಒಳಹೊಕ್ಕಿರಬಹುದು. ಆದರೆ ಶ್ವಾಸನಾಳವೋ ಎದೆಗೂಡೋ ತೂತಾಗಿ ಅಲ್ಲಿಂದ ಸೋರಿ ಬಂದಿರಲೂಬಹುದು. ಯಾವುದೆಂದು ಮನೆಯಲ್ಲಿ ತೀರ್ಮಾನಿಸಲಾಗದು, ತಕ್ಷಣ ವೈದ್ಯರಿಗೆ ತೋರಿಸಬೇಕು.

ಕಾಯಬಾರದ ಗಾಯಗಳು

ಎಲ್ಲ ಚುಚ್ಚುಗಾಯವನ್ನೂ ಪಶುವೈದ್ಯರಿಗೆ ತೋರಿಸುವುದು ಒಳ್ಳೆಯದು. ಕಡಿತದ ಗಾಯವಾದರೆ ಅದೇ ದಿನ. ರೋಗಾಣುಗಳು ಅಂಗಾಂಶದೊಳಗೆ ಬೇರೂರುವ ಮೊದಲು, ಆರು ಗಂಟೆಗಳ ಒಳಗೆ ಶುಚಿ ಮಾಡಿದರೆ ಫಲ ಹೆಚ್ಚು ಎಂಬುದು ವೈದ್ಯರು ಬಹುಕಾಲದಿಂದ ಪಾಲಿಸುತ್ತ ಬಂದ ಲೆಕ್ಕ. ಆದರೆ ಕೆಲವು ಗಾಯಗಳಲ್ಲಿ ಗಂಟೆಗಳ ಲೆಕ್ಕ ಹಾಕುತ್ತ ಕೂರಲಾಗದು.

ಎದೆಯ ಮೇಲಿನ ಗಾಯ ಅಂಥದ್ದು. ಹಲ್ಲು ಪಕ್ಕೆಲುಬುಗಳ ನಡುವೆ ತೂರಿದ್ದರೆ ಎದೆಗೂಡಿನೊಳಗೆ ಗಾಳಿ ಸೇರಿ ಶ್ವಾಸಕೋಶ ಕುಗ್ಗುತ್ತದೆ. ಉಸಿರಾಟ ವೇಗವಾಗಿ ಮೇಲುಮೇಲಕ್ಕೆ ನಡೆಯುತ್ತದೆ, ನಾಯಿ ಕುತ್ತಿಗೆ ಚಾಚಿ ಮೊಣಕೈಗಳನ್ನು ಅಗಲಿಸಿ ಕೂರುತ್ತದೆ, ಮಲಗಲು ಒಪ್ಪುವುದಿಲ್ಲ. ಹೊಟ್ಟೆಯ ಗಾಯದಲ್ಲಿ ಮೋಸ ಇನ್ನೂ ಹೆಚ್ಚು. ಚರ್ಮದಲ್ಲಿ ಚುಕ್ಕೆಯಷ್ಟೇ ಗುರುತಿದ್ದು ಒಳಗೆ ಹೊಟ್ಟೆಯ ಗೋಡೆ ಹರಿದಿರಬಹುದು, ಕರುಳು ತೂತಾಗಿರಬಹುದು. ಮೊದಲ ದಿನ ನಾಯಿ ಚೆನ್ನಾಗಿಯೇ ಇದ್ದು, ಒಂದೆರಡು ದಿನಗಳಲ್ಲಿ ಹೊಟ್ಟೆಯೊಳಗೆಲ್ಲ ನಂಜು ಹರಡಿ ವಾಂತಿ, ಜ್ವರ, ಹೊಟ್ಟೆ ಬಿಗಿತ ಶುರುವಾಗುತ್ತದೆ. ಕುತ್ತಿಗೆಯಲ್ಲಿ ದೊಡ್ಡ ರಕ್ತನಾಳಗಳು, ಶ್ವಾಸನಾಳ, ಅನ್ನನಾಳ ಒಂದರ ಪಕ್ಕ ಒಂದಿವೆ. ಕೀಲಿನ ಮೇಲಿನ ತೂತು ಕೀಲಿನೊಳಗೇ ಇಳಿದಿದ್ದರೆ ಅಲ್ಲಿ ಕೀವಾಗಿ ಮೃದ್ವಸ್ಥಿ ಹಾಳಾಗುತ್ತದೆ. ಬೆಕ್ಕಿನ ಉಗುರು ಕಣ್ಣಿಗೆ ತಗುಲಿದರೆ ಹೊರಗೆ ಗೀರು ಕಂಡರೂ ಒಳಗೆ ಮಸೂರದವರೆಗೆ ಚುಚ್ಚಿರಬಹುದು.

ಇವುಗಳ ಜೊತೆಗೆ ಇನ್ನೊಂದನ್ನು ಸೇರಿಸುತ್ತೇನೆ: ದೊಡ್ಡ ನಾಯಿ ಚಿಕ್ಕ ನಾಯಿಯನ್ನು ಬೆನ್ನಿನಲ್ಲೋ ಎದೆಯಲ್ಲೋ ಕಚ್ಚಿ ಎತ್ತಿ ಒದರಿದ ಪ್ರಸಂಗ. ಅಲ್ಲಿ ತೂತು ಇದೆಯೋ ಇಲ್ಲವೋ ಎಂಬುದೇ ಮುಖ್ಯವಲ್ಲ. ಚರ್ಮ ಒಂದಿಷ್ಟೂ ಹರಿಯದೆ ಪಕ್ಕೆಲುಬು ಮುರಿದು, ಶ್ವಾಸಕೋಶ ಜಜ್ಜಿ, ಬೆನ್ನುಮೂಳೆಗೆ ಪೆಟ್ಟಾಗಿರಬಹುದು. ಅಂಥ ನಾಯಿಯನ್ನು ನಡೆಸಬೇಡಿ, ಹಲಗೆಯ ಮೇಲೋ ಬಿಗಿಯಾಗಿ ಹಿಡಿದ ಹೊದಿಕೆಯ ಮೇಲೋ ಮಲಗಿಸಿ ಕರೆದೊಯ್ಯಿರಿ.

ಸ್ಥಿತಿ ಎಷ್ಟು ಗಂಭೀರ ಎಂದು ತಿಳಿಯಲು ಮೇಲ್ದುಟಿಯನ್ನು ಎತ್ತಿ ವಸಡು ನೋಡಿ. ಸಾಮಾನ್ಯವಾಗಿ ಅದು ಗುಲಾಬಿ ಬಣ್ಣ. ಬೆರಳಿಂದ ಒತ್ತಿದರೆ ಬಿಳಿಚಿ, ಬಿಟ್ಟ ಮೇಲೆ ಎರಡು ಸೆಕೆಂಡುಗಳೊಳಗೆ ಬಣ್ಣ ಮರಳಬೇಕು. ವಸಡು ಬಿಳಿಚಿದ್ದರೆ, ಬೂದು ಅಥವಾ ನೀಲಿಯಾಗಿದ್ದರೆ, ಬಣ್ಣ ಮರಳಲು ತಡವಾದರೆ ರಕ್ತಸಂಚಾರವೋ ಉಸಿರಾಟವೋ ಕೈಕೊಡುತ್ತಿದೆ. ವಸಡು ಹುಟ್ಟಿನಿಂದಲೇ ಕಪ್ಪಾಗಿದ್ದರೆ ಕೆಳಗಿನ ಕಣ್ಣುರೆಪ್ಪೆಯ ಒಳಭಾಗವನ್ನು ನೋಡಬಹುದು. ವಿಶ್ರಾಂತಿಯಲ್ಲಿರುವ ಆರೋಗ್ಯವಂತ ನಾಯಿ ನಿಮಿಷಕ್ಕೆ ಸುಮಾರು 30 ಬಾರಿಯೊಳಗೆ ಉಸಿರಾಡುತ್ತದೆ. ಮೈ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಹೆಚ್ಚುಕಡಿಮೆ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಮನುಷ್ಯರ ಲೆಕ್ಕದಲ್ಲಿ ಜ್ವರವೆನಿಸುವ ಈ ಬಿಸಿ ನಾಯಿಗೆ ಸಹಜ. 103 ದಾಟಿದರೆ ಗಮನ ಕೊಡಬೇಕು.

ಹಠಾತ್ತಾಗಿ ಕೂಗಿ ಹಿಂದೆ ಸರಿದ ನಾಯಿಯ ಮೂತಿ ಅಥವಾ ಕಾಲು ಕೆಲವೇ ನಿಮಿಷಗಳಲ್ಲಿ ಊದತೊಡಗಿದರೆ ಹಾವಿನ ಕಡಿತವಿರಬಹುದು. ಎರಡು ಹಲ್ಲಿನ ಗುರುತು ಸ್ಪಷ್ಟವಾಗಿ ಕಾಣಲೇಬೇಕೆಂದಿಲ್ಲ. ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ, ಮಂಜುಗಡ್ಡೆ ಇಡಬೇಡಿ. ನಾಯಿ ಅಲುಗದಂತೆ ಎತ್ತಿಕೊಂಡು ಹೊರಡಿ.

ವೈದ್ಯರನ್ನು ತಲುಪುವವರೆಗೆ

ಮೊದಲು ನಿಮ್ಮ ಕೈಯನ್ನು ಕಾಪಾಡಿಕೊಳ್ಳಿ. ಎಷ್ಟೇ ಮುದ್ದಿನ ನಾಯಿಯಾದರೂ ನೋವಿನಲ್ಲಿ ಕಚ್ಚಬಹುದು. ಮೆತ್ತನೆಯ ಬಟ್ಟೆಯ ಪಟ್ಟಿಯನ್ನು ಮೂತಿಯ ಸುತ್ತ ಒಮ್ಮೆ ಸುತ್ತಿ, ಗದ್ದದ ಕೆಳಗೆ ದಾಟಿಸಿ, ಕಿವಿಗಳ ಹಿಂದೆ ಬಿಚ್ಚಲು ಸುಲಭವಾಗುವಂತೆ ಗಂಟು ಹಾಕಿ. ನಾಯಿ ವಾಂತಿ ಮಾಡುತ್ತಿದ್ದರೆ, ಉಸಿರಿಗೆ ಒದ್ದಾಡುತ್ತಿದ್ದರೆ, ಅಥವಾ ಅದು ಚಪ್ಪಟೆ ಮೂತಿಯ ತಳಿಯಾದರೆ ಬಾಯಿ ಕಟ್ಟಬಾರದು.

ರಕ್ತ ಸುರಿಯುತ್ತಿದ್ದರೆ ಒಗೆದ ಬಟ್ಟೆಯನ್ನೋ ಗಾಜ್ ಪಟ್ಟಿಯನ್ನೋ ಮಡಿಸಿಟ್ಟು ಅಂಗೈಯಿಂದ ಬಿಗಿಯಾಗಿ ಒತ್ತಿಹಿಡಿಯಿರಿ. ಐದರಿಂದ ಹತ್ತು ನಿಮಿಷ. ನಿಂತಿತೇ ಎಂದು ನಡುನಡುವೆ ಎತ್ತಿ ನೋಡುವುದೇ ರಕ್ತ ನಿಲ್ಲದಿರಲು ಕಾರಣವಾಗುತ್ತದೆ, ಆಗತಾನೇ ಕಟ್ಟಿದ ಹೆಪ್ಪು ಕಿತ್ತುಬರುತ್ತದೆ. ಬಟ್ಟೆ ನೆನೆದುಹೋದರೆ ಅದರ ಮೇಲೆಯೇ ಇನ್ನೊಂದನ್ನು ಇಡಿ. ಮೊಳೆ, ಕಟ್ಟಿಗೆ, ತಂತಿ ಮೈಯೊಳಗೆ ನಾಟಿಕೊಂಡಿದ್ದರೆ ಎಳೆಯಬೇಡಿ. ಅದೇ ಬಿರಡೆಯಾಗಿ ರಕ್ತನಾಳವನ್ನು ಒತ್ತಿಹಿಡಿದಿರಬಹುದು. ಸುತ್ತ ಬಟ್ಟೆ ಒತ್ತರಿಸಿ, ಅಲುಗದಂತೆ ಮಾಡಿ ಹಾಗೆಯೇ ಕರೆದೊಯ್ಯಿರಿ. ಎದೆಯ ತೂತಿನಿಂದ ಗಾಳಿ ಎಳೆದುಕೊಳ್ಳುವ ಸದ್ದು ಬರುತ್ತಿದ್ದರೆ ಅದನ್ನು ಒದ್ದೆ ಬಟ್ಟೆಯಿಂದಲೋ ಶುಚಿಯಾದ ಪ್ಲಾಸ್ಟಿಕ್ ಹಾಳೆಯಿಂದಲೋ ಮುಚ್ಚಿ ಹಿಡಿದು ಹೊರಡಿ. ಕರುಳು ಹೊರಬಂದಿದ್ದರೆ ಒಳಕ್ಕೆ ತಳ್ಳಬೇಡಿ. ಒದ್ದೆ ಮಾಡಿದ ಶುಚಿಯಾದ ಬಟ್ಟೆಯಲ್ಲಿ ಸುತ್ತಿ ಹಿಡಿದುಕೊಳ್ಳಿ, ನಾಯಿ ನೆಕ್ಕದಂತೆ ನೋಡಿಕೊಳ್ಳಿ.

ರಕ್ತ ನಿಂತಿದೆ, ನಾಯಿ ಸಮಾಧಾನವಾಗಿದೆ, ಗಾಯ ಕಾಲಿನಲ್ಲೋ ಭುಜದಲ್ಲೋ ಇದೆ, ವೈದ್ಯರ ಬಳಿ ಹೋಗಲು ಕೆಲವು ಗಂಟೆ ಬೇಕು ಎಂದಾದರೆ ಮನೆಯಲ್ಲೇ ತೊಳೆಯಬಹುದು. ಎಲ್ಲಕ್ಕಿಂತ ಉತ್ತಮವಾದದ್ದು ಉಪ್ಪುನೀರು. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಸುಮಾರು ನಾಲ್ಕೂವರೆ ಗ್ರಾಂ ಉಪ್ಪು, ಅಂದರೆ ಒಂದು ಚಿಕ್ಕ ಚಮಚಕ್ಕೆ ತುಸು ಕಡಿಮೆ. ಆಸ್ಪತ್ರೆಯ ಸಲೈನ್‌ನ ಹದವೂ ಇದೇ, ನೂರಕ್ಕೆ 0.9 ಭಾಗ. ಗಾಯದ ಸುತ್ತಲ ಕೂದಲನ್ನು ಕತ್ತರಿಸುವ ಮೊದಲು ತೂತಿಗೆ ನೀರಿನಲ್ಲಿ ಕರಗುವ ಜೆಲ್ ಅನ್ನು ಸ್ವಲ್ಪ ಹಚ್ಚಿದರೆ ಕತ್ತರಿಸಿದ ಕೂದಲು ಒಳಕ್ಕೆ ಬೀಳದೆ ಜೆಲ್‌ಗೆ ಅಂಟುತ್ತದೆ, ಆಮೇಲೆ ಒರೆಸಿ ತೆಗೆಯಬಹುದು. ನಂತರ ಸೂಜಿಯಿಲ್ಲದ ಸಿರಿಂಜಿನಿಂದ ಗಾಯದ ಮೇಲೆ ಉಪ್ಪುನೀರನ್ನು ಧಾರಾಳವಾಗಿ ಹರಿಸಿ. ಸಿರಿಂಜಿನ ತುದಿಯನ್ನು ತೂತಿನೊಳಗೆ ತುರುಕಿ ಜೋರಾಗಿ ಒತ್ತಬಾರದು. ಹಾಗೆ ಮಾಡಿದರೆ ಕೊಳೆ ಇನ್ನೂ ಆಳಕ್ಕೆ ಹೋಗುತ್ತದೆ. ಎಷ್ಟು ಆಳವಿದೆ ನೋಡೋಣ ಎಂದು ಹತ್ತಿಯ ಕಡ್ಡಿಯಿಂದ ಕೆದಕುವುದಂತೂ ಬೇಡವೇ ಬೇಡ. ಪೊವಿಡೋನ್ ಅಯೋಡಿನ್ ಇದ್ದರೆ ತಿಳಿ ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ ಬಳಸಬಹುದು. ಹಾಗೆಯೇ ಸುರಿದರೆ ಅದು ರೋಗಾಣುವಿನ ಜೊತೆ ಹೊಸ ಅಂಗಾಂಶವನ್ನೂ ಸುಡುತ್ತದೆ.

ಹೈಡ್ರೋಜನ್ ಪೆರಾಕ್ಸೈಡ್ ನೊರೆ ಎಬ್ಬಿಸುವುದನ್ನು ನೋಡಿ ಗಾಯ ಶುಚಿಯಾಗುತ್ತಿದೆ ಎಂದು ನಂಬಿದವರು ಬಹಳ. ಆ ನೊರೆಯಲ್ಲಿ ಮಾಯಬೇಕಾದ ಜೀವಕೋಶಗಳೂ ಸಾಯುತ್ತವೆ. ಸ್ಪಿರಿಟ್, ಫಿನಾಯಿಲ್, ಟರ್ಪೆಂಟೈನ್, ಸೀಮೆಎಣ್ಣೆ ಯಾವುದನ್ನೂ ಸುರಿಯಬಾರದು. ಎಣ್ಣೆ, ಪುಡಿ, ಬೂದಿ ತುಂಬಿದರೆ ತೂತು ಮುಚ್ಚಿಹೋಗುತ್ತದೆ, ವೈದ್ಯರಿಗೆ ಶುಚಿ ಮಾಡಲು ಎರಡು ಪಟ್ಟು ಕೆಲಸವಾಗುತ್ತದೆ. ಜಿಂಕ್ ಇರುವ ಮುಲಾಮು ಹಚ್ಚಿದರೆ ನಾಯಿ ಅದನ್ನು ನೆಕ್ಕಿ ವಿಷವೇರಿಸಿಕೊಳ್ಳಬಹುದು. ಅಂಟು ಹಾಕಿ ತೂತು ಮುಚ್ಚುವ ಯೋಚನೆ ಬಂದರೆ, ಒಳಗಿನ ಪೊಳ್ಳನ್ನು ನೆನಪಿಸಿಕೊಳ್ಳಿ.

ನೋವಿಗೆಂದು ನಾವು ನುಂಗುವ ಮಾತ್ರೆ ಕೊಡಬೇಡಿ. ಇದನ್ನು ಬೇಡಿಕೊಳ್ಳುವ ದನಿಯಲ್ಲೇ ಹೇಳುತ್ತಿದ್ದೇನೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಜಠರದಲ್ಲಿ ಹುಣ್ಣು ಮಾಡಿ ಮೂತ್ರಪಿಂಡಗಳನ್ನು ಕೆಡಿಸುತ್ತವೆ. ಪ್ಯಾರಸಿಟಮಾಲ್ ಯಕೃತ್ತಿಗೆ ಹಾನಿ ಮಾಡುತ್ತದೆ. ಗಾಯದಿಂದ ಬದುಕುಳಿಯಬಹುದಾಗಿದ್ದ ನಾಯಿ ಪ್ರೀತಿಯಿಂದ ಕೊಟ್ಟ ಮಾತ್ರೆಯಿಂದ ಸಾಯುವುದು ಎಂಥ ಸಂಕಟ! ನಾಯಿಗಳಿಗೆಂದೇ ಇರುವ ನೋವುನಿವಾರಕಗಳಿವೆ, ತೂಕ ನೋಡಿ ವೈದ್ಯರು ಕೊಡುತ್ತಾರೆ. ಹೊರಡುವ ಮೊದಲು ಊಟ ಹಾಕುವುದನ್ನೂ ತಡೆಯಿರಿ. ಅರಿವಳಿಕೆ ಬೇಕಾದರೆ ಖಾಲಿ ಹೊಟ್ಟೆ ಒಳ್ಳೆಯದು.

ತೂತನ್ನು ದೊಡ್ಡದು ಮಾಡುವ ಚಿಕಿತ್ಸೆ

ವೈದ್ಯರು ಸಣ್ಣ ತೂತನ್ನು ಕೊಯ್ದು ಅಗಲ ಮಾಡುತ್ತೇವೆ ಎಂದಾಗ ಹಲವರು ಬೆಚ್ಚುತ್ತಾರೆ. ಇಷ್ಟು ಚಿಕ್ಕ ಗಾಯಕ್ಕೆ ಶಸ್ತ್ರಚಿಕಿತ್ಸೆಯೇ, ಎರಡು ಇಂಜೆಕ್ಷನ್ ಕೊಟ್ಟರೆ ಸಾಲದೇ ಎಂದು ಕೇಳುತ್ತಾರೆ. ಒಳಗಿನ ಪೊಳ್ಳು, ಜಜ್ಜಿದ ಸ್ನಾಯು, ಸಿಕ್ಕಿಕೊಂಡ ಕೂದಲು ಇವನ್ನು ಬಿಟ್ಟು ಬರಿಯ ಔಷಧ ಕೊಡುವುದು ಕಸ ಗುಡಿಸದೆ ನೆಲಕ್ಕೆ ನೀರು ಚಿಮುಕಿಸಿದಂತೆ. ಔಷಧ ರಕ್ತದ ಮೂಲಕವೇ ಹೋಗಬೇಕು. ರಕ್ತವೇ ತಲುಪದ ಸತ್ತ ಮಾಂಸಕ್ಕೆ ಔಷಧವೂ ತಲುಪುವುದಿಲ್ಲ.

ಆದ್ದರಿಂದ ಆಳವಾದ ಕಡಿತದಲ್ಲಿ ಅರಿವಳಿಕೆ ಕೊಟ್ಟು, ಕೂದಲು ತೆಗೆದು, ತೂತಿನಿಂದ ಶಲಾಕೆ ಎಂಬ ತೆಳುವಾದ ಕಡ್ಡಿಯನ್ನು ಇಳಿಸಿ ಪೊಳ್ಳು ಎಲ್ಲಿಯವರೆಗೆ ಹೋಗಿದೆ ಎಂದು ನೋಡುತ್ತಾರೆ. ಬೇಕಾದಲ್ಲಿ ತೆರೆದು, ಸತ್ತ ಭಾಗವನ್ನು ಕತ್ತರಿಸಿ ತೆಗೆದು, ಲೀಟರುಗಟ್ಟಲೆ ಸಲೈನಿನಿಂದ ತೊಳೆಯುತ್ತಾರೆ. ನಾನು ಓದಿ ಕೇಳಿ ತಿಳಿದುಕೊಂಡದ್ದರಲ್ಲಿ ಎಲ್ಲರೂ ಒಪ್ಪುವ ಮಾತೊಂದಿದ್ದರೆ ಅದು ಇದು: ಈ ಗಾಯವನ್ನು ಗುಣಪಡಿಸುವುದರಲ್ಲಿ ತೊಳೆಯುವುದರ ಪಾಲೇ ದೊಡ್ಡದು. ಎದೆ, ಹೊಟ್ಟೆಗಳ ಗಾಯಕ್ಕೆ ಎಕ್ಸ್‌ರೇ, ಅಲ್ಟ್ರಾಸೌಂಡ್ ಬೇಕಾಗುತ್ತದೆ. ಹಲ್ಲು ಹೊಟ್ಟೆಯ ಗೋಡೆಯನ್ನು ತೂರಿದೆ ಎಂದು ಗೊತ್ತಾದರೆ ಹೊಟ್ಟೆಯನ್ನು ತೆರೆದು ಕರುಳನ್ನು ಉದ್ದಕ್ಕೂ ಪರೀಕ್ಷಿಸುವುದೇ ಸುರಕ್ಷಿತ.

ತೊಳೆದ ಮೇಲೆ ಹೊಲಿಗೆ ಹಾಕಬೇಕೇ? ಕಡಿತದ ಗಾಯವನ್ನು ಬಿಗಿಯಾಗಿ ಹೊಲಿದುಬಿಟ್ಟರೆ ನಂಜನ್ನು ಒಳಗಿಟ್ಟು ಬೀಗ ಹಾಕಿದಂತೆ. ಆಳವಿಲ್ಲದ ಗಾಯವನ್ನು ತೆರೆದೇ ಬಿಡುತ್ತಾರೆ. ಅದು ತಳದಿಂದ ಮೇಲಕ್ಕೆ ತುಂಬಿಕೊಂಡು ಮಾಯುತ್ತದೆ. ದೊಡ್ಡ ಪೊಳ್ಳಿದ್ದರೆ ಮೆತ್ತನೆಯ ರಬ್ಬರಿನ ಕೊಳವೆಯೊಂದನ್ನು ಇಟ್ಟು ಅದರ ತುದಿಯನ್ನು ತಗ್ಗಿನ ಜಾಗದಲ್ಲಿ ಹೊರಗೆ ಬಿಡುತ್ತಾರೆ. ಇದನ್ನೇ ಡ್ರೇನ್ ಎನ್ನುವುದು. ಒಳಗಿನ ದ್ರವ ಅದರ ಗುಂಟ ಇಳಿದು ಹೊರಬರುತ್ತದೆ. ಮೂರರಿಂದ ಐದು ದಿನಗಳಲ್ಲಿ ಸೋರಿಕೆ ಕಡಿಮೆಯಾದಾಗ ತೆಗೆಯುತ್ತಾರೆ. ಸೋರುವುದನ್ನು ಕಂಡು ಗಾಯ ಕೆಟ್ಟಿತು ಎಂದು ಹೆದರಬೇಡಿ, ಡ್ರೇನ್ ಇಟ್ಟಿರುವುದೇ ಸೋರಲೆಂದು.

ಪ್ರತಿಜೀವಕಗಳಲ್ಲಿ ಅಮಾಕ್ಸಿಸಿಲಿನ್ ಮತ್ತು ಕ್ಲಾವುಲಾನಿಕ್ ಆಮ್ಲದ ಜೋಡಿಯನ್ನು ಹೆಚ್ಚಾಗಿ ಆರಿಸಿಕೊಳ್ಳುತ್ತಾರೆ. ಪಾಸ್ಟುರೆಲ್ಲಾದ ಮೇಲೂ ಗಾಳಿಯಿಲ್ಲದೆ ಬೆಳೆಯುವ ಜಾತಿಗಳ ಮೇಲೂ ಅದು ಕೆಲಸ ಮಾಡುತ್ತದೆ. ಹಳೆಯ ಅಥವಾ ಮಾಯದ ಗಾಯವಾದರೆ ಕೀವಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ತಿಳಿದು ಕೊಡುತ್ತಾರೆ. ಮನೆಯಲ್ಲಿ ಉಳಿದ ಯಾವುದೋ ಮಾತ್ರೆಯನ್ನು ಅಂದಾಜಿನ ಮೇಲೆ ಕೊಟ್ಟರೆ ರೋಗಾಣು ಸಾಯದೆ ಪಳಗುತ್ತದೆ.

ಇನ್ನೊಂದು ವಿಷಯವನ್ನು ಮೊದಲೇ ತಿಳಿದುಕೊಂಡಿದ್ದರೆ ಆಮೇಲೆ ಮನಸ್ಸು ಕುಗ್ಗುವುದಿಲ್ಲ. ಜಜ್ಜಿದ ಚರ್ಮ ಬದುಕುತ್ತದೋ ಸಾಯುತ್ತದೋ ಮೊದಲ ದಿನ ವೈದ್ಯರಿಗೂ ಗೊತ್ತಾಗದು. ಮೂರು, ನಾಲ್ಕು, ಐದನೆಯ ದಿನಕ್ಕೆ ಒಂದು ಭಾಗ ಕಪ್ಪಾಗಿ ತೊಗಲಿನಂತೆ ಗಟ್ಟಿಯಾಗಬಹುದು, ಎರಡನೆಯ ಬಾರಿ ಶುಚಿ ಮಾಡಬೇಕಾಗಬಹುದು. ಅದು ಮೊದಲ ಚಿಕಿತ್ಸೆಯ ತಪ್ಪಲ್ಲ.

ತಡವಾಗಿ ಗೊತ್ತಾದರೆ

ಆರಂಭದಲ್ಲಿ ಹೇಳಿದ ನಾಯಿಯಂತೆ ಊತದಿಂದಲೇ ಗಾಯ ಗೊತ್ತಾಗುವುದುಂಟು. ಕಡಿತವಾಗಿ ಎರಡರಿಂದ ಐದು ದಿನಗಳಲ್ಲಿ ಕೀವು ತುಂಬಿದ ಬಾವು ಏಳುತ್ತದೆ. ಮೊದಲು ಗಟ್ಟಿ, ಬಿಸಿ, ಮುಟ್ಟಿದರೆ ನೋವು. ಕ್ರಮೇಣ ನಡುವೆ ಮೆತ್ತಗಾಗಿ, ಕೊನೆಗೆ ಒಡೆದು ನಾರುವ ಕೀವು ಹರಿಯುತ್ತದೆ. ಒಡೆದ ಮೇಲೆ ನಾಯಿಗೆ ಹಾಯೆನಿಸಿ ಚುರುಕಾಗುತ್ತದೆ, ಆದರೆ ಪೊಳ್ಳು ಹಾಗೆಯೇ ಇರುತ್ತದೆ. ಹಿಂಡಬೇಡಿ, ಸೂಜಿಯಿಂದ ಚುಚ್ಚಬೇಡಿ. ಒತ್ತಡಕ್ಕೆ ಕೀವು ಒಳಗಡೆಗೇ ಹರಡಬಹುದು. ವೈದ್ಯರು ತಗ್ಗಿನಲ್ಲಿ ತೆರೆದು ಬಸಿದು ತೊಳೆಯುತ್ತಾರೆ.

ತೆರೆದ ಗಾಯಕ್ಕೆ ನೊಣ ಕೂತರೆ ಒಂದೇ ದಿನದಲ್ಲಿ ಮೊಟ್ಟೆಯೊಡೆದು ಹುಳು ಬೀಳಬಹುದು. ಆಗ ಫಿನಾಯಿಲ್ ಸುರಿದರೆ ಹುಳುಗಳು ಇನ್ನೂ ಒಳಕ್ಕೆ ಹೋಗುತ್ತವೆ, ನಾಯಿ ಉರಿಯಿಂದ ನರಳುತ್ತದೆ. ಹುಳುಗಳನ್ನು ಒಂದೊಂದಾಗಿ ತೆಗೆದು, ಸರಿಯಾದ ಔಷಧ ಕೊಡುವುದು ವೈದ್ಯರ ಕೆಲಸ.

ರೇಬೀಸ್ ಮತ್ತು ಧನುರ್ವಾಯು

ಕಚ್ಚಿದ ಪ್ರಾಣಿ ಯಾವುದು, ಅದಕ್ಕೆ ರೇಬೀಸ್ ಲಸಿಕೆ ಆಗಿದೆಯೇ ಎಂಬುದನ್ನು ಗಾಯದಷ್ಟೇ ಗಂಭೀರವಾಗಿ ವಿಚಾರಿಸಿ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ಗೆ ಮದ್ದಿಲ್ಲ. ನಿಮ್ಮ ನಾಯಿಗೆ ಹಿಂದೆಯೇ ಲಸಿಕೆ ಆಗಿದ್ದರೂ ಗೊತ್ತಿಲ್ಲದ ಪ್ರಾಣಿ ಕಚ್ಚಿದ್ದರೆ ಕೂಡಲೇ ಮತ್ತೊಂದು ಲಸಿಕೆ ಹಾಕಿಸುವುದು ಕ್ರಮ. ಲಸಿಕೆಯೇ ಆಗಿರದಿದ್ದರೆ ಮುಂದೇನು ಮಾಡಬೇಕೆಂದು ಅದೇ ದಿನ ವೈದ್ಯರನ್ನು ಕೇಳಿ. ಕಚ್ಚಿದ್ದು ಸಾಕಿದ ನಾಯಿಯಾದರೆ ಅದನ್ನು ಹತ್ತು ದಿನ ಕಣ್ಣಿಟ್ಟು ನೋಡಬೇಕು. ಆ ಹತ್ತು ದಿನ ಅದು ಆರೋಗ್ಯವಾಗಿದ್ದರೆ ಕಚ್ಚಿದಾಗ ಅದರ ಜೊಲ್ಲಿನಲ್ಲಿ ರೋಗಾಣು ಇರಲಿಲ್ಲ ಎಂದರ್ಥ.

ಗಾಯ ಮುಟ್ಟುವ ನಿಮ್ಮನ್ನೂ ಮರೆಯಬೇಡಿ. ಕಚ್ಚಿದ ಪ್ರಾಣಿಯ ಜೊಲ್ಲು ನಿಮ್ಮ ನಾಯಿಯ ಕೂದಲಿನ ಮೇಲಿರುತ್ತದೆ. ಕೈಗವಸು ಹಾಕಿಕೊಳ್ಳಿ. ಬಿಡಿಸಲು ಹೋಗಿ ನಿಮಗೆ ಹಲ್ಲು ತಗುಲಿದ್ದರೆ, ಜೊಲ್ಲು ಗೀರಿಗೆ ತಾಗಿದ್ದರೆ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಿ.

ಧನುರ್ವಾಯು ಮನುಷ್ಯರಿಗೂ ಕುದುರೆಗಳಿಗೂ ಹೋಲಿಸಿದರೆ ನಾಯಿಗಳಿಗೆ ಅಪರೂಪ. ಹಾಗೆಂದು ಬಾರದೆಂದಲ್ಲ. ಮೊಳೆಯೋ ಮುಳ್ಳೋ ಚುಚ್ಚಿ ಒಂದೆರಡು ವಾರದ ಬಳಿಕ ಕಿವಿಗಳು ಸೆಟೆದು ಹತ್ತಿರ ಬಂದು, ಹಣೆ ಸುಕ್ಕುಗಟ್ಟಿ, ತುಟಿಗಳು ಹಿಂದಕ್ಕೆ ಎಳೆದು ನಕ್ಕಂತೆ ಕಂಡರೆ, ನಡಿಗೆ ಬಿಗಿಯಾದರೆ ಆ ಹಳೆಯ ತೂತನ್ನು ನೆನಪಿಸಿಕೊಂಡು ಓಡಬೇಕು.

ಮನೆಗೆ ಬಂದ ಮೇಲೆ

ನಾಯಿಯ ನಾಲಿಗೆಯಲ್ಲೇ ಮದ್ದಿದೆ ಎಂಬ ನಂಬಿಕೆಯನ್ನು ಬಿಟ್ಟುಬಿಡಿ. ಜೊಲ್ಲಿನಲ್ಲಿ ರೋಗಾಣುಗಳನ್ನು ತುಸು ತಡೆಯುವ ಅಂಶಗಳಿರುವುದು ನಿಜ, ಆದರೆ ಅದೇ ಜೊಲ್ಲಿನಲ್ಲಿ ರೋಗಾಣುಗಳೂ ಇವೆ, ಒರಟು ನಾಲಿಗೆಯ ಉಜ್ಜುವಿಕೆಗೆ ಹೊಸ ಅಂಗಾಂಶ ಕಿತ್ತುಬರುತ್ತದೆ. ಕೊರಳಿಗೆ ಲಾಳಿಕೆಯಂಥ ಕಾಲರ್ ಹಾಕಿದಾಗ ನಾಯಿ ಗೋಡೆಗೆ ಬಾಗಿಲಿಗೆ ತಾಗುತ್ತ ನಡೆಯುವುದನ್ನು ನೋಡಲಾಗದೆ ಬಿಚ್ಚಿಬಿಡಬೇಕೆನಿಸುತ್ತದೆ. ಬಿಚ್ಚಬೇಡಿ. ಹತ್ತು ನಿಮಿಷದ ಕನಿಕರಕ್ಕೆ ಡ್ರೇನನ್ನೇ ಕಿತ್ತುಹಾಕಿದ ನಾಯಿಗಳಿವೆ.

ಬ್ಯಾಂಡೇಜ್ ಇದ್ದರೆ ದಿನಕ್ಕೆರಡು ಬಾರಿ ಕೆಳಗಿನ ಬೆರಳುಗಳನ್ನು ಮುಟ್ಟಿ ನೋಡಿ. ಊದಿದ್ದರೆ, ತಣ್ಣಗಾಗಿದ್ದರೆ, ಕೆಟ್ಟ ವಾಸನೆ ಬಂದರೆ, ಒದ್ದೆಯಾಗಿದ್ದರೆ ಅಂದೇ ಬದಲಿಸಬೇಕು. ಔಷಧವನ್ನು ನಾಯಿ ಲವಲವಿಕೆಯಾಯಿತೆಂದು ನಡುವೆ ನಿಲ್ಲಿಸಬಾರದು. ಮಾಯುತ್ತಿರುವ ಗಾಯದ ತಳ ಕೆಂಪಗೆ, ತೇವವಾಗಿ, ಹರಳು ಹರಳಾಗಿ ಕಾಣುತ್ತದೆ, ದಿನದಿನಕ್ಕೆ ಕಿರಿದಾಗುತ್ತದೆ.

ವಾರಗಳ ಬಳಿಕ ಅದೇ ಜಾಗ ಮತ್ತೆ ಊದಿ, ಒಡೆದು, ಔಷಧಕ್ಕೆ ತಗ್ಗಿ, ನಿಲ್ಲಿಸಿದ ಕೂಡಲೇ ಮತ್ತೆ ಏಳುತ್ತಿದ್ದರೆ ಒಳಗೆ ಏನೋ ಉಳಿದಿದೆ ಎಂದೇ ಅನುಮಾನಿಸಬೇಕು. ಮುಳ್ಳಿನ ಮೊನೆ, ಕಟ್ಟಿಗೆಯ ಸಿಬಿರು, ಹುಲ್ಲಿನ ಚೂಪಾದ ಬೀಜ ಇವು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಹುಲ್ಲಿನ ಬೀಜಕ್ಕೆ ಹಿಮ್ಮುಖವಾದ ಮುಳ್ಳುಗಳಿರುವುದರಿಂದ ಅದು ಮುಂದಕ್ಕೆ ಮಾತ್ರ ಸರಿಯುತ್ತದೆ. ಬೆರಳ ಸಂದಿಯಲ್ಲಿ ಹೊಕ್ಕದ್ದು ಕಾಲಿನಲ್ಲಿ ಮೇಲೇರಿರಬಹುದು. ಎಸೆದ ಕೋಲನ್ನು ಹಿಡಿಯಲು ಹಾರಿದ ನಾಯಿಯ ಗಂಟಲಿಗೆ ಅದು ಚುಚ್ಚಿ, ಚೂರು ಕುತ್ತಿಗೆಯೊಳಗೆ ಉಳಿದು, ತಿಂಗಳುಗಳ ಮೇಲೆ ಗದ್ದದ ಕೆಳಗೆ ಬಾವಾಗಿ ಎದ್ದ ಪ್ರಕರಣಗಳೂ ಇವೆ. ಇಂಥಲ್ಲಿ ಅಲ್ಟ್ರಾಸೌಂಡ್ ಅಥವಾ ಸಿಟಿ ಸ್ಕ್ಯಾನ್ ನೆರವಾಗುತ್ತದೆ. ಅದಕ್ಕಿಂತ ಮೊದಲು ನೆರವಾಗುವುದು ನಿಮ್ಮ ನೆನಪು: ಎಂದು ಕೂಗಿತು, ಎಲ್ಲಿ ಓಡಾಡಿತ್ತು, ಬಾಯಲ್ಲಿ ರಕ್ತ ಕಂಡಿತ್ತೇ, ಮೊದಲ ಊತ ಎಲ್ಲಿತ್ತು. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು, ಗಾಯದ ಮೊದಲ ದಿನದ ಫೋಟೊ ಮೊಬೈಲಿನಲ್ಲಿದ್ದರೆ ಅದನ್ನೂ ವೈದ್ಯರಿಗೆ ತೋರಿಸಿ.